ಎಕ್ಸ್‌ಡಿಪಿಯಲ್ಲಿ ಪ್ಯಾಕೆಟ್ ಕಾಣೆಯಾದರೆ: ಯಾವ ಡಿಬಗ್ ಸಾಧನ, ಯಾವಾಗ?

ಎಕ್ಸ್‌ಡಿಪಿ ಎಂದರೆ ಒಳಬಂದ ಪ್ಯಾಕೆಟ್ಟನ್ನು ನೆಟ್‌ವರ್ಕ್ ಡ್ರೈವರ್‌ನ ಹಂತದಲ್ಲೇ ನೋಡಿ ಅದರ ಗತಿ ತೀರ್ಮಾನಿಸುವ ಪುಟ್ಟ ಪ್ರೋಗ್ರಾಂಗಳಿಗೆ ಲಿನಕ್ಸ್ ಕರ್ನಲ್ ಕೊಡುವ ಜಾಗ. ಅಂಥ ಪ್ರೋಗ್ರಾಂ ಒಂದನ್ನು ಇಂಟರ್‌ಫೇಸ್‌ಗೆ ಹಾಕಿದ ಕೂಡಲೇ ಹೆಚ್ಚಿನವರು ಪಕ್ಕದ ಟರ್ಮಿನಲ್‌ನಲ್ಲಿ, ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್ ಓಡಿಸುತ್ತಾರೆ. ಪ್ರೋಗ್ರಾಂ ಪ್ಯಾಕೆಟ್ಟನ್ನು ಡ್ರಾಪ್ ಮಾಡುತ್ತಿದ್ದರೆ ಅಲ್ಲಿ ಏನೂ ಕಾಣುವುದಿಲ್ಲ. ಪ್ಯಾಕೆಟ್ ನೆಟ್‌ವರ್ಕ್ ಕಾರ್ಡಿಗೇ ಬಂದಿಲ್ಲದಿದ್ದರೂ ಏನೂ ಕಾಣುವುದಿಲ್ಲ. ಟಿಸಿಪಿಡಂಪ್ ಪ್ಯಾಕೆಟ್ಟಿನ ಪ್ರತಿ ತೆಗೆದುಕೊಳ್ಳುವ ಜಾಗ ಕರ್ನಲ್‌ನೊಳಗಿನ ದಾರಿಯಲ್ಲಿ ಎಕ್ಸ್‌ಡಿಪಿ ದಾಟಿದ ಮೇಲೆ ಸಿಗುತ್ತದೆ, ಹಾಗಾಗಿ ಎರಡು ಸಂದರ್ಭಕ್ಕೂ ಒಂದೇ ಖಾಲಿ ಪರದೆ. ಡ್ರೈವರ್‌ನ ಬೆಂಬಲವಿಲ್ಲದೆ ಕರ್ನಲ್ಲೇ ಎಕ್ಸ್‌ಡಿಪಿ ಓಡಿಸುವ ಜೆನೆರಿಕ್ ಮೋಡ್‌ನಲ್ಲೂ ಹೀಗೇ. ಟಿಎಕ್ಸ್ ತೀರ್ಪು ಕೊಟ್ಟು ಬಂದ ದಾರಿಯಲ್ಲೇ ವಾಪಸ್ ಕಳಿಸಿದ ಪ್ಯಾಕೆಟ್ಟೂ ಡ್ರೈವರ್‌ನಿಂದಲೇ ತಿರುಗಿಹೋಗುವುದರಿಂದ ಅದೂ ಕಣ್ಣಿಗೆ ಬೀಳದು.

ಆಮೇಲೆ ಹುಡುಕಿದರೆ ಸಾಧನಗಳ ದಂಡೇ ಎದುರಾಗುತ್ತದೆ: ಪ್ರಿಂಟ್‌ಕೆ, ಮ್ಯಾಪ್ ಕೌಂಟರ್, ರಿಂಗ್ ಬಫರ್, ಬಿಪಿಎಫ್‌ಟೂಲ್‌ನ ಟೆಸ್ಟ್ ರನ್, ಎಕ್ಸ್‌ಡಿಪಿಡಂಪ್, ಬಿಪಿಎಫ್‌ಟ್ರೇಸ್, ಪಿಡಬ್ಲ್ಯುಆರ್‌ಯು. ಎಲ್ಲವೂ ಉಚಿತ, ಎಲ್ಲವೂ ಒಳ್ಳೆಯವೇ. ಆದರೆ ಪ್ರತಿಯೊಂದಕ್ಕೂ ಒಂದು ಕುರುಡು ಜಾಗವಿದೆ. ನಿಮ್ಮ ಬಗ್ ಆ ಜಾಗದಲ್ಲಿ ಕೂತಿದ್ದರೆ ಆ ಸಾಧನದ ಮುಂದೆ ದಿನವಿಡೀ ಕೂತರೂ ಪ್ರಯೋಜನವಿಲ್ಲ. ಆದ್ದರಿಂದ ಯಾವುದು ಚೆನ್ನಾಗಿದೆ ಎಂಬುದಕ್ಕಿಂತ ಮೊದಲು ಕೇಳಬೇಕಾದದ್ದು, ಪ್ಯಾಕೆಟ್ ಯಾವ ಹಂತದವರೆಗೆ ಬಂದದ್ದು ಖಚಿತ ಎಂಬುದನ್ನು.

ಇಲ್ಲಿ ಹೇಳುವುದೆಲ್ಲ ಲಿನಕ್ಸ್‌ನ ಇಬಿಪಿಎಫ್ ಪ್ರೋಗ್ರಾಂಗಳ ಬಗ್ಗೆ, ಅಂದರೆ ಕರ್ನಲ್‌ನೊಳಗೇ ಓಡುವಂತೆ ಲೋಡ್ ಮಾಡುವ ಪುಟ್ಟ ಪ್ರೋಗ್ರಾಂಗಳ ಬಗ್ಗೆ. ಮುಖ್ಯವಾಗಿ 2016ರಲ್ಲಿ ಕರ್ನಲ್ 4.8ರೊಂದಿಗೆ ಬಂದ ಎಕ್ಸ್‌ಡಿಪಿ, ಜೊತೆಗೆ ಟ್ರಾಫಿಕ್ ನಿಯಂತ್ರಣದ ಹಂತವಾದ ಟಿಸಿ ಕೊಂಡಿಗೆ ಹಾಕುವ ಪ್ರೋಗ್ರಾಂಗಳು.

ಯಾವುದರಿಂದ ಅಳೆಯುವುದು

ಮೊದಲನೆಯದು ಸಮಯ. 10 ಗಿಗಾಬಿಟ್ ಲಿಂಕ್‌ನಲ್ಲಿ 64 ಬೈಟ್‌ನ ಪ್ಯಾಕೆಟ್‌ಗಳು ಪೂರ್ತಿ ವೇಗದಲ್ಲಿ ಬಂದರೆ ಸೆಕೆಂಡಿಗೆ 1.488 ಕೋಟಿ. ಒಂದೇ ಸಿಪಿಯು ಕೋರ್ ಅಷ್ಟನ್ನೂ ನೋಡಿಕೊಳ್ಳಬೇಕಾದರೆ ಒಂದು ಪ್ಯಾಕೆಟ್ಟಿಗೆ ಸಿಗುವುದು ಸುಮಾರು 67 ನ್ಯಾನೊಸೆಕೆಂಡ್. 1 ಗಿಗಾಬಿಟ್‌ನಲ್ಲಿ ಅದರ ಹತ್ತು ಪಟ್ಟು. ನೀವು ಸೇರಿಸುವ ಡಿಬಗ್ ಕೋಡ್ ಈ ಅವಧಿಯನ್ನೇ ತಿನ್ನುತ್ತದೆ. ಅದು ಜಾಸ್ತಿಯಾದರೆ ಕಾರ್ಡಿನ ಸ್ವೀಕೃತಿ ಕ್ಯೂ ತುಂಬಿ, ನಿಮ್ಮ ಪ್ರೋಗ್ರಾಂಗೆ ಸಂಬಂಧವೇ ಇಲ್ಲದ ಹೊಸ ಡ್ರಾಪ್‌ಗಳು ಹುಟ್ಟುತ್ತವೆ. ಹುಡುಕುತ್ತಿರುವ ಬಗ್ ಯಾವುದು, ಹುಡುಕಾಟವೇ ತಂದ ಬಗ್ ಯಾವುದು ಎಂದು ಆಮೇಲೆ ಬೇರ್ಪಡಿಸುವುದು ಕಷ್ಟ.

ಎರಡನೆಯದು, ಪ್ರೋಗ್ರಾಮನ್ನು ತಿದ್ದಿ ಮತ್ತೆ ಲೋಡ್ ಮಾಡಲು ಆಗುತ್ತದೆಯೇ? ಲ್ಯಾಪ್‌ಟಾಪ್‌ನಲ್ಲಿ ಆಗುತ್ತದೆ. ಲೋಡ್ ಬ್ಯಾಲೆನ್ಸರ್ ಆಗಿ ಓಡುತ್ತಿರುವ ಯಂತ್ರದಲ್ಲಿ, ಪ್ರೋಗ್ರಾಂ ತನ್ನ ಡೇಟಾ ಇಟ್ಟುಕೊಳ್ಳುವ ಮ್ಯಾಪ್‌ಗಳನ್ನು ಪಿನ್ ಮಾಡಿಟ್ಟಿಲ್ಲದಿದ್ದರೆ, ಅಂದರೆ ಪ್ರೋಗ್ರಾಂ ಹೋದರೂ ಉಳಿಯುವಂತೆ ಕಟ್ಟಿಟ್ಟಿಲ್ಲದಿದ್ದರೆ, ಮರುಲೋಡ್ ಎಂದರೆ ಕನೆಕ್ಷನ್ ಪಟ್ಟಿಯೆಲ್ಲ ಖಾಲಿಯಾದಂತೆ.

ಮೂರನೆಯದು, ಸಾಧನಕ್ಕೆ ಕಾಣುವುದು ಏನು: ಪ್ರೋಗ್ರಾಂಗೆ ಒಳಬಂದ ಪ್ಯಾಕೆಟ್ಟೋ, ಅದು ಕೊಟ್ಟ ತೀರ್ಪೋ, ತೀರ್ಪಿನ ನಂತರದ ಪಯಣವೋ?

ನಾಲ್ಕನೆಯದು ಕರ್ನಲ್. ಆವೃತ್ತಿ ಸಂಖ್ಯೆಯೊಂದನ್ನೇ ನಂಬಬೇಡಿ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರ ಕರ್ನಲ್ 4.18 ಎಂದು ಹೇಳಿಕೊಂಡರೂ ಮುಂದಿನ ಆವೃತ್ತಿಗಳ ಬಿಪಿಎಫ್ ಸೌಲಭ್ಯಗಳು ಅದಕ್ಕೆ ಹಿಂದಕ್ಕೆ ಹರಿದುಬಂದಿವೆ. ಬಿಪಿಎಫ್‌ಟೂಲ್‌ನ ಫೀಚರ್ ಪ್ರೋಬ್ ಕಮಾಂಡ್ ಓಡಿಸಿದರೆ ಯಾವ ಮ್ಯಾಪ್ ಬಗೆ, ಯಾವ ಹೆಲ್ಪರ್ (ಪ್ರೋಗ್ರಾಂ ಕರೆಯಬಲ್ಲ ಕರ್ನಲ್ ಫಂಕ್ಷನ್) ನಿಜವಾಗಿ ಇದೆ ಎಂದು ಅದೇ ಹೇಳುತ್ತದೆ.

ಐದನೆಯದನ್ನು ಹಲವರು ಮರೆಯುತ್ತಾರೆ: ಇವತ್ತು ಹಿಡಿದ ಬಗ್ ಮುಂದಿನ ತಿಂಗಳು ಮರಳಿ ಬಂದರೆ ಸಾಧನ ತಾನಾಗಿಯೇ ಹಿಡಿಯುತ್ತದೆಯೇ, ಇಲ್ಲಾ ಮತ್ತೆ ಯಾರಾದರೂ ಟರ್ಮಿನಲ್ ಮುಂದೆ ಕೂರಬೇಕೇ?

ಲೋಡೇ ಆಗದಿದ್ದರೆ ಆಯ್ಕೆಯ ಪ್ರಶ್ನೆಯಿಲ್ಲ

ಪ್ರೋಗ್ರಾಂ ಸುರಕ್ಷಿತವೇ ಎಂದು ಲೋಡ್ ಆಗುವಾಗ ಪರೀಕ್ಷಿಸುವ ಕರ್ನಲ್‌ನ ವೆರಿಫೈಯರ್ ತಿರಸ್ಕರಿಸಿದಾಗ ಇರುವ ಸಾಧನ ಅದರ ಲಾಗ್ ಒಂದೇ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಿ. ಕೊನೆಯ ಸಾಲಿನಲ್ಲಿ ದೂರು, ಅದರ ಮೇಲೆ ಆ ಹಂತದಲ್ಲಿ ಪ್ರತಿ ರಿಜಿಸ್ಟರ್‌ನಲ್ಲಿ ಏನಿತ್ತು ಎಂಬ ವಿವರ ಇರುತ್ತದೆ. ಪ್ರೋಗ್ರಾಮನ್ನು ಡಿಬಗ್ ಮಾಹಿತಿಯೊಂದಿಗೆ ಕಂಪೈಲ್ ಮಾಡಿದ್ದರೆ ನಡುನಡುವೆ ನಿಮ್ಮ ಸಿ ಸಾಲುಗಳೂ ಬರುತ್ತವೆ. ಪ್ಯಾಕೆಟ್ ಪ್ರೋಗ್ರಾಂಗಳಲ್ಲಿ ಅತಿ ಹೆಚ್ಚು ಕಾಣುವ ದೂರು ಪ್ಯಾಕೆಟ್ಟಿಗೆ ಅಸಿಂಧು ಪ್ರವೇಶ ಎಂಬುದು. ಆಫ್‌ಸೆಟ್ 23, ಗಾತ್ರ 1, ಆದರೆ ದೃಢಪಟ್ಟ ವ್ಯಾಪ್ತಿ ಬರೀ 14 ಎಂದು ಅದು ಹೇಳಿದರೆ, ಎತರ್ನೆಟ್ ಹೆಡರ್‌ನ ಉದ್ದ ಪರೀಕ್ಷಿಸಿದ್ದೀರಿ, ಐಪಿ ಹೆಡರ್‌ನದ್ದು ಬಿಟ್ಟಿದ್ದೀರಿ ಎಂದರ್ಥ. ಪರೀಕ್ಷೆ ಬರೆದಿದ್ದರೂ ದೂರು ಬಂದರೆ, ಪರೀಕ್ಷೆಯ ನಂತರ ಪ್ಯಾಕೆಟ್ ಹಿಗ್ಗಿಸುವ ಅಥವಾ ಕುಗ್ಗಿಸುವ ಹೆಲ್ಪರ್ ಕರೆದಿದ್ದೀರಾ ನೋಡಿ. ಹಾಗೆ ಕರೆದ ತಕ್ಷಣ ಹಳೆಯ ಪಾಯಿಂಟರ್‌ಗಳೆಲ್ಲ ರದ್ದಾಗುತ್ತವೆ, ಡೇಟಾದ ಆರಂಭ-ಅಂತ್ಯಗಳನ್ನು ಮತ್ತೆ ಓದಿ ಮತ್ತೆ ಪರೀಕ್ಷಿಸಬೇಕು. ಮ್ಯಾಪ್‌ನಿಂದ ತಂದ ಮೌಲ್ಯ ಖಾಲಿ ಇರಬಹುದು ಎಂಬ ದೂರಾದರೆ ಒಂದು ನಲ್ ಪರೀಕ್ಷೆ ಸಾಕು. ಸ್ಟ್ಯಾಕ್ ಮಿತಿ 512 ಬೈಟ್, ಹಾಗಾಗಿ ದೊಡ್ಡ ಸ್ಟ್ರಕ್ಟ್ ಅಲ್ಲಿ ಹಿಡಿಸದು. ಅದನ್ನು ಒಂದೇ ಎಂಟ್ರಿಯ ಪರ್-ಸಿಪಿಯು ಅರೇಗೆ ಸಾಗಿಸಿ.

ಮುಂದಿನದ್ದೆಲ್ಲ ಲೋಡ್ ಆಗಿಯೂ ತಪ್ಪು ಮಾಡುವ ಪ್ರೋಗ್ರಾಂಗಳಿಗೆ.

ಪ್ರಿಂಟ್‌ಕೆ: ಸುಲಭ, ಆದರೆ ಸಂದಣಿಯಲ್ಲಿ ಬೇಡ

ಬಿಪಿಎಫ್_ಪ್ರಿಂಟ್‌ಕೆ ಒಂದು ಸಾಲು ಸೇರಿಸಿದರೆ ಆಯಿತು. ಫಲಿತಾಂಶ ಟ್ರೇಸ್‌ಎಫ್‌ಎಸ್‌ನ ಟ್ರೇಸ್_ಪೈಪ್ ಎಂಬ ಕಡತದಲ್ಲಿ ಬರುತ್ತದೆ. ಬಿಪಿಎಫ್‌ಟೂಲ್ ಪ್ರಾಗ್ ಟ್ರೇಸ್‌ಲಾಗ್ ಎಂದರೂ ಅದೇ. ಪ್ರೋಗ್ರಾಂನ ಲೈಸೆನ್ಸ್ ಸಾಲು ಜಿಪಿಎಲ್‌ಗೆ ಹೊಂದುವಂತಿರಬೇಕು, ಇಲ್ಲದಿದ್ದರೆ ಲೋಡೇ ಆಗದು. ಹಳೆಯ ಹೆಲ್ಪರ್‌ಗೆ ಮೂರೇ ಮೌಲ್ಯ ಕೊಡಬಹುದಿತ್ತು. 5.16 ಅಥವಾ ನಂತರದ ಕರ್ನಲ್ ಇದ್ದರೆ, ಪ್ರೋಗ್ರಾಂ ಲೋಡ್ ಮಾಡಲು ಬಳಸುವ ಲಿಬ್‌ಬಿಪಿಎಫ್ ಲೈಬ್ರರಿ ಆ ಮಿತಿಯನ್ನು ತಾನೇ ದಾಟಿಸುತ್ತದೆ.

ಹೊಸಬರನ್ನು ಕಾಡುವ ಒಂದು ಬಗ್ ಹಿಡಿಯಲು ಇದಕ್ಕಿಂತ ಬೇಗದ ದಾರಿ ಇಲ್ಲ. ಐಪಿವಿ4 ಪ್ಯಾಕೆಟ್‌ಗಳನ್ನು ಮಾತ್ರ ಎಣಿಸುವ ಪ್ರೋಗ್ರಾಂ ಬರೆದಿದ್ದೀರಿ, ಎಣಿಕೆ ಸೊನ್ನೆಯಲ್ಲೇ ನಿಂತಿದೆ ಎಂದುಕೊಳ್ಳಿ. ಎತರ್ನೆಟ್ ಹೆಡರ್‌ನ ಪ್ರೋಟೋಕಾಲ್ ಫೀಲ್ಡನ್ನು ಹೆಕ್ಸ್‌ನಲ್ಲಿ ಮುದ್ರಿಸಿ. ತೆರೆಯ ಮೇಲೆ 8 ಎಂದು ಬಂದರೆ ಕಾರಣ ಅಲ್ಲೇ ಇದೆ. ತಂತಿಯ ಮೇಲೆ ಬಂದದ್ದು 08, 00 ಎಂಬ ಎರಡು ಬೈಟ್. ಇಂಟೆಲ್, ಎಎಂಡಿ ಯಂತ್ರಗಳು ಅದನ್ನು ತಿರುಗಾಮುರುಗಾ ಓದಿ 0008 ಮಾಡುತ್ತವೆ. ನೀವು ಹೋಲಿಸುತ್ತಿರುವುದು 0800ಕ್ಕೆ. ಎಆರ್‌ಪಿ ಬಂದಾಗ 0806ರ ಬದಲು 608 ಕಾಣುತ್ತದೆ. ಹೋಲಿಸುವ ಸ್ಥಿರಾಂಕವನ್ನು ಬಿಪಿಎಫ್_ಎಚ್‌ಟಿಒಎನ್‌ಎಸ್‌ನಲ್ಲಿ ಸುತ್ತಿದರೆ ಮುಗಿಯಿತು. ಈ ತಪ್ಪನ್ನು ವೆರಿಫೈಯರ್ ಎಂದಿಗೂ ಹಿಡಿಯುವುದಿಲ್ಲ, ಅದರ ದೃಷ್ಟಿಯಲ್ಲಿ ಇದು ಸುರಕ್ಷಿತ ಕೋಡ್.

ಇನ್ನು ತೊಂದರೆಗಳು. ಟ್ರೇಸ್_ಪೈಪ್ ಇಡೀ ಯಂತ್ರಕ್ಕೆ ಒಂದೇ, ಎಲ್ಲ ಪ್ರೋಗ್ರಾಂಗಳ ಸಾಲುಗಳೂ ಅದರಲ್ಲೇ ಬೆರೆಯುತ್ತವೆ. ಒಬ್ಬರು ಓದಿದ ಸಾಲು ಇನ್ನೊಬ್ಬರಿಗೆ ಸಿಗದು. ಏನೂ ಬರುತ್ತಿಲ್ಲ ಎನ್ನುವ ಮುನ್ನ ಬೇರೆ ಟರ್ಮಿನಲ್ ಅದನ್ನು ಓದುತ್ತಿಲ್ಲವಷ್ಟೇ, ಟ್ರೇಸಿಂಗ್_ಆನ್ ಕಡತದಲ್ಲಿ 1 ಇದೆಯಷ್ಟೇ ಎಂದು ನೋಡಿಕೊಳ್ಳಿ. ಪಠ್ಯ ಜೋಡಿಸಿ ಬರೆಯುವ ಈ ಕೆಲಸ 67 ನ್ಯಾನೊಸೆಕೆಂಡ್‌ನಲ್ಲಿ ಹಿಡಿಸುವಂಥದ್ದೂ ಅಲ್ಲ. ಇನ್ನೊಂದು ಬಲೆ ಇದೆ: ಯಾವ ಇಂಟರ್‌ಫೇಸ್ ಮೂಲಕ ಎಸ್‌ಎಸ್‌ಎಚ್ ಮಾಡಿದ್ದೀರೋ ಅದರ ಮೇಲೆಯೇ ಪ್ರತಿ ಪ್ಯಾಕೆಟ್ಟಿಗೂ ಪ್ರಿಂಟ್ ಹಾಕಿದರೆ, ಮುದ್ರಿತ ಸಾಲು ನಿಮ್ಮತ್ತ ಹೊರಡುತ್ತದೆ, ಅದಕ್ಕೆ ಟಿಸಿಪಿ ಉತ್ತರ ಬರುತ್ತದೆ, ಆ ಉತ್ತರಕ್ಕೂ ಒಂದು ಸಾಲು ಮುದ್ರಣವಾಗುತ್ತದೆ, ಹೀಗೇ ಸುತ್ತುತ್ತದೆ. ಪೋರ್ಟ್ 22 ಬಿಟ್ಟು ಮುದ್ರಿಸಿ, ಅಥವಾ ಒಂದೇ ಮೂಲ ವಿಳಾಸಕ್ಕೆ ಕಟ್ಟಿಹಾಕಿ.

ಪ್ರಿಂಟ್ ಸಾಲುಗಳನ್ನು ಅಳಿಸಲು ಮನಸ್ಸಿಲ್ಲದಿದ್ದರೆ ಅವನ್ನು ಒಂದು ಕಾನ್ಸ್ಟ್ ವೊಲಟೈಲ್ ಗ್ಲೋಬಲ್ ವೇರಿಯಬಲ್‌ನ ಇಫ್ ಒಳಗೆ ಇಡಿ. ಲೋಡ್ ಮಾಡುವ ಮುನ್ನ ಲಿಬ್‌ಬಿಪಿಎಫ್ ಮೂಲಕ ಅದನ್ನು ಸೊನ್ನೆ ಮಾಡಿದರೆ ಆ ದಾರಿ ಎಂದೂ ತೆರೆಯದೆಂದು ವೆರಿಫೈಯರ್‌ಗೆ ಗೊತ್ತಾಗಿ, ಆ ಕೋಡನ್ನೇ ಕಿತ್ತುಹಾಕುತ್ತದೆ. ಆಗ ಪ್ರೊಡಕ್ಷನ್‌ನಲ್ಲಿ ಅದರ ಖರ್ಚು ಸೊನ್ನೆ. ಓಡುತ್ತಿರುವಾಗಲೇ ಆನ್-ಆಫ್ ಮಾಡಬೇಕೆಂದರೆ ಕಾನ್ಸ್ಟ್ ತೆಗೆಯಬೇಕು. ಆಗ ಪ್ರತಿ ಪ್ಯಾಕೆಟ್ಟಿಗೂ ಒಂದು ಓದು, ಒಂದು ಹೋಲಿಕೆ ಉಳಿಯುತ್ತದೆ, ಬಹುತೇಕರಿಗೆ ಅದೇನೂ ಭಾರವಲ್ಲ.

ಕೌಂಟರ್ ಮತ್ತು ರಿಂಗ್ ಬಫರ್: ಮೊದಲೇ ಬರೆದಿಟ್ಟವರಿಗೆ

ಎಷ್ಟು ಡ್ರಾಪ್ ಆಯಿತು ಎಂಬ ಒಂದೇ ಕೌಂಟರ್ ಇಟ್ಟುಕೊಂಡವರಿಗೆ ಡ್ರಾಪ್ ಆಗುತ್ತಿದೆ ಎಂದಷ್ಟೇ ಗೊತ್ತಾಗುತ್ತದೆ. ಪ್ರೋಗ್ರಾಮಿನಲ್ಲಿ ರಿಟರ್ನ್ ಆಗುವ ಪ್ರತಿ ಜಾಗಕ್ಕೂ ಒಂದು ಸಂಖ್ಯೆ ಕೊಡಿ: ಹೆಡರ್ ಗಿಡ್ಡ, ಪ್ರೋಟೋಕಾಲ್ ಬೇರೆ, ಮ್ಯಾಪ್‌ನಲ್ಲಿ ಸಿಗಲಿಲ್ಲ, ನಿಯಮ ತಡೆಯಿತು, ಹೀಗೆ. ಆ ಸಂಖ್ಯೆಯನ್ನೇ ಕೀ ಮಾಡಿ ಒಂದು ಪರ್-ಸಿಪಿಯು ಅರೇ ಇಡಿ, ಬಿಪಿಎಫ್‌ಟೂಲ್ ಮ್ಯಾಪ್ ಡಂಪ್‌ನಿಂದ ಓದಿ. ಸಾಮಾನ್ಯ ಅರೇಯಲ್ಲಿ ಬರೀ ಪ್ಲಸ್-ಪ್ಲಸ್ ಹಾಕಿದರೆ ಎರಡು ಕೋರ್‌ಗಳು ಒಂದೇ ಮೌಲ್ಯ ಓದಿ ಬರೆದು ಎಣಿಕೆ ತಪ್ಪುತ್ತದೆ. ಅಟಾಮಿಕ್ ಕೂಡುವಿಕೆ ಬಳಸಿದರೆ ಎಣಿಕೆ ಸರಿಬಂದರೂ ಕೋರ್‌ಗಳು ಒಂದೇ ಕ್ಯಾಶ್ ಲೈನಿಗೆ ಕಿತ್ತಾಡುತ್ತವೆ. ಪರ್-ಸಿಪಿಯುನಲ್ಲಿ ಎರಡೂ ತಲೆನೋವಿಲ್ಲ. ನಿಮ್ಮದೇ ಪ್ರೋಗ್ರಾಮಿನಿಂದ ಓದುವಾಗ ಮಾತ್ರ ಆನ್‌ಲೈನ್ ಸಿಪಿಯುಗಳ ಲೆಕ್ಕ ಹಿಡಿಯಬೇಡಿ. ಯಂತ್ರದಲ್ಲಿ ಇರಬಹುದಾದ ಒಟ್ಟು ಸಿಪಿಯುಗಳಷ್ಟು ಜಾಗ ಬೇಕು, ಪ್ರತಿ ಮೌಲ್ಯವೂ 8 ಬೈಟ್‌ಗೆ ದುಂಡಾಗುತ್ತದೆ. ಜಾಗ ಕಡಿಮೆ ಕೊಟ್ಟರೆ ಕರ್ನಲ್ ನಿಮ್ಮ ಬಫರ್ ದಾಟಿ ಬರೆಯುತ್ತದೆ.

ಎಷ್ಟು ಎನ್ನುವುದು ಸಾಲದೆ ಯಾವ ಪ್ಯಾಕೆಟ್ ಎಂದೂ ಬೇಕಾದರೆ ಕರ್ನಲ್ 5.8ರಿಂದ ರಿಂಗ್ ಬಫರ್ ಇದೆ. ಎಲ್ಲ ಕೋರ್‌ಗಳಿಗೂ ಅದು ಒಂದೇ ಆದ್ದರಿಂದ ಘಟನೆಗಳ ಕ್ರಮ ಉಳಿಯುತ್ತದೆ. ಗಾತ್ರ ಎರಡರ ಘಾತವೂ ಪೇಜ್ ಗಾತ್ರದ ಗುಣಕವೂ ಆಗಿರಬೇಕು, 256 ಕಿಲೋಬೈಟ್‌ನಿಂದ ಆರಂಭಿಸಬಹುದು. ರಿಸರ್ವ್ ಮಾಡಿದ್ದನ್ನು ಸಬ್ಮಿಟ್ ಅಥವಾ ಡಿಸ್ಕಾರ್ಡ್ ಮಾಡದೆ ರಿಟರ್ನ್ ಆದರೆ ವೆರಿಫೈಯರ್ ಬಿಡುವುದಿಲ್ಲ. ಬಫರ್ ತುಂಬಿದ್ದರೆ ರಿಸರ್ವ್ ಖಾಲಿ ಕೈಯಲ್ಲಿ ಮರಳುತ್ತದೆ, ಆ ಸೋಲನ್ನೂ ಒಂದು ಕೌಂಟರ್‌ನಲ್ಲಿ ಎಣಿಸಿ. ಇಲ್ಲದಿದ್ದರೆ ಘಟನೆ ಬರಲಿಲ್ಲ ಎಂದರೆ ನಡೆಯಲೇ ಇಲ್ಲ ಎಂದು ಭಾವಿಸುತ್ತೀರಿ. ಪ್ಯಾಕೆಟ್ಟಿನ ಬೈಟ್‌ಗಳೇ ಬೇಕೆಂದರೆ ಹಳೆಯ ಪರ್ಫ್ ಬಫರೇ ಇನ್ನೂ ಅನುಕೂಲ: ಪರ್ಫ್ ಇವೆಂಟ್ ಔಟ್‌ಪುಟ್ ಹೆಲ್ಪರ್‌ನ ಫ್ಲ್ಯಾಗ್‌ನ ಮೇಲಿನ 32 ಬಿಟ್‌ಗಳಲ್ಲಿ ಉದ್ದ ಬರೆದರೆ ಪ್ಯಾಕೆಟ್ಟಿನ ಅಷ್ಟು ಬೈಟ್‌ಗಳನ್ನು ಕರ್ನಲ್ ತಾನೇ ಅಂಟಿಸಿ ಕಳಿಸುತ್ತದೆ.

ಈ ಗುಂಪಿನ ಮಿತಿ ಒಂದೇ, ಎಲ್ಲವನ್ನೂ ಮೊದಲೇ ಯೋಚಿಸಿ ಬರೆದಿರಬೇಕು. ಎಣಿಸದ ಜಾಗದಲ್ಲಿ ಬಗ್ ಇದ್ದರೆ ಮರುಲೋಡ್ ತಪ್ಪದು.

ಟೆಸ್ಟ್ ರನ್: ಅತಿ ಕಡಿಮೆ ಬಳಕೆಯಾಗುವ, ಅತಿ ಹೆಚ್ಚು ಉಪಯೋಗದ ಆಯ್ಕೆ

ನನ್ನ ಅಭಿಪ್ರಾಯದಲ್ಲಿ ತರ್ಕದ ಬಗ್‌ಗಳ ಬಹುಪಾಲು ಇಲ್ಲೇ ಸಿಗಬೇಕು. ಕರ್ನಲ್ 4.12ರಿಂದ, ಲೋಡ್ ಆದ ಪ್ರೋಗ್ರಾಮಿಗೆ ನಾವೇ ಬೈಟ್‌ಗಳ ಒಂದು ಪ್ಯಾಕೆಟ್ ಕೊಟ್ಟು ಓಡಿಸಿ, ತೀರ್ಪನ್ನೂ ಹೊರಬಂದ ಬೈಟ್‌ಗಳನ್ನೂ ಪಡೆಯಬಹುದು. ಯಾವ ಇಂಟರ್‌ಫೇಸ್‌ಗೂ ಹಾಕಬೇಕಿಲ್ಲ, ಯಾರ ಟ್ರಾಫಿಕ್ಕೂ ನಿಲ್ಲುವುದಿಲ್ಲ. ಪ್ರೋಗ್ರಾಮನ್ನು ಪಿನ್ ಮಾಡಿ, ಪೈಥಾನ್‌ನ ಸ್ಕೇಪಿಯಲ್ಲಿ ಪ್ಯಾಕೆಟ್ ಕಟ್ಟಿ ಕಡತಕ್ಕೆ ಬರೆದು, ಬಿಪಿಎಫ್‌ಟೂಲ್ ಪ್ರಾಗ್ ರನ್‌ಗೆ ಕೊಡಿ. ತೀರ್ಪು ಅಂಕಿಯಾಗಿ ಬರುತ್ತದೆ: ಎಕ್ಸ್‌ಡಿಪಿಯಲ್ಲಿ 0 ಅಬಾರ್ಟೆಡ್, 1 ಡ್ರಾಪ್, 2 ಪಾಸ್, 3 ಟಿಎಕ್ಸ್, 4 ರಿಡೈರೆಕ್ಟ್. ಟಿಸಿಯ ಅಂಕಿಗಳು ಬೇರೆ, ಅಲ್ಲಿ 0 ಎಂದರೆ ಸರಿ, 2 ಎಂದರೆ ಡ್ರಾಪ್. ಎರಡು ಕಡೆಗೂ ಒಂದೇ ಫಂಕ್ಷನ್ ಹಂಚಿಕೊಂಡವರು ಎಕ್ಸ್‌ಡಿಪಿಯ ಪಾಸನ್ನು ಟಿಸಿಯಲ್ಲಿ ರಿಟರ್ನ್ ಮಾಡಿ ಎಲ್ಲವನ್ನೂ ಕೊಂದುಹಾಕುವುದು ಇದರಿಂದಲೇ.

ಯಾವ ಪ್ಯಾಕೆಟ್‌ಗಳನ್ನು ಕೊಡಬೇಕು? ಸರಿಯಾದ ಟಿಸಿಪಿ ಪ್ಯಾಕೆಟ್ ಒಂದು ಇದ್ದೇ ಇರುತ್ತದೆ, ಅದು ಏನನ್ನೂ ಹೊಸದಾಗಿ ಹೇಳುವುದಿಲ್ಲ. 14 ಬೈಟ್‌ನ ಬರೀ ಎತರ್ನೆಟ್ ಹೆಡರ್ ಕೊಡಿ, ಅದಕ್ಕಿಂತ ಚಿಕ್ಕದನ್ನು ಎಕ್ಸ್‌ಡಿಪಿಯಲ್ಲಿ ಕರ್ನಲ್ ಒಪ್ಪದು. ಐಪಿ ಹೆಡರ್ ಒಂದು ಬೈಟ್ ಕಡಿಮೆ ಇರುವ 33 ಬೈಟ್‌ನದ್ದು ಕೊಡಿ. ಐಪಿ ಆಪ್ಷನ್ ಇರುವ, ಅಂದರೆ ಹೆಡರ್ ಉದ್ದ 20ರ ಬದಲು 24 ಇರುವ ಪ್ಯಾಕೆಟ್ ಕೊಡಿ. ಟಿಸಿಪಿ ಹೆಡರ್ ಯಾವಾಗಲೂ 34ನೇ ಬೈಟ್‌ನಲ್ಲಿ ಇದೆ ಎಂದುಕೊಂಡ ಪ್ರೋಗ್ರಾಂ ಇಲ್ಲಿ ಪೋರ್ಟ್ ಸಂಖ್ಯೆಯ ಬದಲು ಆಪ್ಷನ್‌ನ ಬೈಟ್ ಓದುತ್ತದೆ. ವಿಎಲ್‌ಎಎನ್ ಟ್ಯಾಗ್ ಇರುವುದು ಒಂದು, ಮೊದಲ ತುಂಡಲ್ಲದ ಐಪಿ ಫ್ರಾಗ್ಮೆಂಟ್ ಒಂದು, ಎಆರ್‌ಪಿ ಒಂದು. ಕೊನೆಯದನ್ನು ಬಿಡಬೇಡಿ. ಐಪಿವಿ4 ಅಲ್ಲದ್ದನ್ನೆಲ್ಲ ಡ್ರಾಪ್ ಮಾಡುವ ಪ್ರೋಗ್ರಾಂ ಹಾಕಿದಾಗ ಮೊದಮೊದಲು ಪಿಂಗ್ ಓಡುತ್ತಲೇ ಇರುತ್ತದೆ, ಏಕೆಂದರೆ ಪಕ್ಕದ ಯಂತ್ರದ ಮ್ಯಾಕ್ ವಿಳಾಸ ಕ್ಯಾಶ್‌ನಲ್ಲಿರುತ್ತದೆ. ಅದು ಹಳತಾದ ಮೇಲೆ ಎಲ್ಲವೂ ನಿಲ್ಲುತ್ತದೆ, ಆ ಹೊತ್ತಿಗೆ ನೀವು ಬೇರೇನನ್ನೋ ಬದಲಿಸಿ ಅದನ್ನೇ ಅನುಮಾನಿಸುತ್ತಿರುತ್ತೀರಿ.

ಇದನ್ನು ಮೇಕ್ ಟೆಸ್ಟ್‌ಗೆ ಸೇರಿಸಿದರೆ ಐದನೆಯ ಅಳತೆಗೋಲಿನಲ್ಲಿ ಇದಕ್ಕೆ ಸಾಟಿಯಿಲ್ಲ.

ಮಿತಿಗಳೂ ಇವೆ. ವಿಶೇಷವಾಗಿ ಹೇಳದಿದ್ದರೆ ಪ್ಯಾಕೆಟ್ ಲೂಪ್‌ಬ್ಯಾಕ್ ಇಂಟರ್‌ಫೇಸ್‌ನ 0ನೇ ಕ್ಯೂನಿಂದ ಬಂದಂತೆ ತೋರುತ್ತದೆ. ಇಂಟರ್‌ಫೇಸ್ ಸಂಖ್ಯೆಯಿಂದ ಮ್ಯಾಪ್ ನೋಡುವ ಪ್ರೋಗ್ರಾಂಗೆ ಆ ಸಂಖ್ಯೆ ತುಂಬಿಡಬೇಕು. ರಿಡೈರೆಕ್ಟ್ ತೀರ್ಪು ಬಂದರೂ ಪ್ಯಾಕೆಟ್ ಎಲ್ಲಿಗೂ ಹೋಗುವುದಿಲ್ಲ, ನಿಜವಾಗಿ ಕಳಿಸುವ ಲೈವ್ ಫ್ರೇಮ್ ವಿಧಾನ 5.18ರಿಂದ ಮಾತ್ರ. ರಿಪೀಟ್ 1000000 ಎಂದು ಕೊಟ್ಟರೆ ಸರಾಸರಿ ನ್ಯಾನೊಸೆಕೆಂಡ್ ಸಿಗುತ್ತದೆ, ಆದರೆ ಪ್ಯಾಕೆಟ್ ಸದಾ ಕ್ಯಾಶ್‌ನಲ್ಲೇ ಇರುವುದರಿಂದ ನಿಜದ ಖರ್ಚಿಗಿಂತ ಅದು ಕಡಿಮೆಯೇ. ಒಂದೇ ಬಫರ್ ಎಲ್ಲ ಸುತ್ತಿಗೂ ಬಳಕೆಯಾಗುತ್ತದೆ ಎಂಬುದೂ ನೆನಪಿರಲಿ. ಪ್ರತಿ ಸುತ್ತಿಗೆ 20 ಬೈಟ್‌ನ ಹೊರ ಹೆಡರ್ ಸೇರಿಸುವ ಪ್ರೋಗ್ರಾಮಿಗೆ 256 ಬೈಟ್‌ನ ಹೆಡ್‌ರೂಮ್ ಬಲು ಬೇಗ ಮುಗಿದು, ಉಳಿದ ಲಕ್ಷಾಂತರ ಸುತ್ತುಗಳಲ್ಲಿ ನೀವು ಅಳೆಯುವುದು ಸೋಲಿನ ದಾರಿಯ ವೇಗವನ್ನು.

ಎಕ್ಸ್‌ಡಿಪಿಡಂಪ್: ಓಡುತ್ತಿರುವುದನ್ನು ಮುಟ್ಟದೆ ನೋಡಲು

ಎಕ್ಸ್‌ಡಿಪಿ-ಟೂಲ್ಸ್ ಪ್ಯಾಕೇಜಿನ ಈ ಸಾಧನ ನಿಮ್ಮ ಪ್ರೋಗ್ರಾಮಿನ ಬಾಗಿಲಲ್ಲೂ ಹೊರಬಾಗಿಲಲ್ಲೂ ನಿಲ್ಲುತ್ತದೆ. ಎಂಟ್ರಿ, ಎಕ್ಸಿಟ್ ಎರಡನ್ನೂ ಹಿಡಿಯಲು ಹೇಳಿದರೆ ಒಂದೇ ಪ್ಯಾಕೆಟ್ ಒಳಬಂದ ರೂಪ, ಹೊರಹೋದ ರೂಪ, ಕೊಟ್ಟ ತೀರ್ಪು ಮೂರೂ ಕಾಣುತ್ತವೆ. ಕಡತಕ್ಕೆ ಬರೆಸಿ ವೈರ್‌ಶಾರ್ಕ್‌ನಲ್ಲಿ ತೆರೆಯಬಹುದು. ಮರುಲೋಡ್ ಬೇಡ, ಕೋಡ್ ಬದಲಾವಣೆ ಬೇಡ. ಟಿಸಿಪಿಡಂಪ್‌ನಲ್ಲಿ ನೀವು ನಿರೀಕ್ಷಿಸಿದ್ದು ಇದನ್ನೇ.

ಇದು ನಿಂತಿರುವುದು ಫಂಕ್ಷನ್‌ನ ಆರಂಭ-ಅಂತ್ಯಗಳಿಗೆ ಕೊಂಡಿ ಹಾಕುವ ಎಫ್‌ಎಂಟ್ರಿ-ಎಫ್‌ಎಕ್ಸಿಟ್ ಎಂಬ ವ್ಯವಸ್ಥೆಯ ಮೇಲೆ. ಅದು ಬಂದದ್ದು 5.5ರಲ್ಲಿ, ಅದೂ ಮೊದಲು ಇಂಟೆಲ್-ಎಎಂಡಿಗೆ. 64 ಬಿಟ್ ಆರ್ಮ್ ಯಂತ್ರಗಳಿಗೆ ಬೇಕಾದ ತಳಪಾಯ 6.0ರಲ್ಲಿ ಸೇರಿತು. ಆರ್ಮ್ ಕ್ಲೌಡ್ ಯಂತ್ರದಲ್ಲಿ ಹಳೆಯ ಕರ್ನಲ್ ಇಟ್ಟುಕೊಂಡವರು ಈ ಆಯ್ಕೆಯನ್ನು ಪಟ್ಟಿಯಿಂದ ತೆಗೆಯಬಹುದು. ಪ್ರೋಗ್ರಾಮಿನಲ್ಲಿ ಬಿಟಿಎಫ್ ಎಂಬ ಟೈಪ್ ಮಾಹಿತಿಯೂ ಇರಬೇಕು, ಅಂದರೆ ಕ್ಲ್ಯಾಂಗ್‌ಗೆ -ಜಿ ಕೊಟ್ಟು ಕಂಪೈಲ್ ಮಾಡಿರಬೇಕು. ಕಡತ ಚಿಕ್ಕದಾಗಲಿ ಎಂದು ಎಲ್‌ಎಲ್‌ವಿಎಂ-ಸ್ಟ್ರಿಪ್ ಓಡಿಸುವಾಗ -ಜಿ ಆಯ್ಕೆಯನ್ನೇ ಬಳಸಿ, ಅದು ಭಾರದ ಡ್ವಾರ್ಫ್ ಮಾಹಿತಿ ಮಾತ್ರ ತೆಗೆದು ಬಿಟಿಎಫ್ ಉಳಿಸುತ್ತದೆ.

ಸಂದಣಿ ಜೋರಾಗಿದ್ದರೆ ಎಲ್ಲ ಪ್ಯಾಕೆಟ್‌ಗಳೂ ಸಿಗವು, ಮಧ್ಯೆ ಕೆಲವು ಕೈತಪ್ಪುತ್ತವೆ. ಸ್ನ್ಯಾಪ್ ಉದ್ದವನ್ನು ಹೆಡರ್‌ಗಳಿಗೆ ಸಾಕಾಗುವಷ್ಟು, 96 ಅಥವಾ 128 ಬೈಟ್‌ಗೆ ಇಳಿಸಿದರೆ ಹೊರೆ ಕಡಿಮೆ. ಕುರುಡು ಜಾಗ ಎಂದರೆ ತೀರ್ಪಿನ ಆಚೆಯದು: ರಿಡೈರೆಕ್ಟ್ ಎಂದು ಹೇಳಿದ ಪ್ಯಾಕೆಟ್ ತಲುಪಿತೇ ಎಂಬುದು ಇದಕ್ಕೆ ತಿಳಿಯದು.

ತೀರ್ಪು ಸರಿ, ಪ್ಯಾಕೆಟ್ ಮಾತ್ರ ಇಲ್ಲ: ಟ್ರೇಸ್‌ಪಾಯಿಂಟ್ ಮತ್ತು ಪಿಡಬ್ಲ್ಯುಆರ್‌ಯು

ಆ ಆಚೆಯ ಜಾಗಕ್ಕೆ ಎರಡು ದಾರಿ. ರಿಡೈರೆಕ್ಟ್ ಮತ್ತು ಟಿಎಕ್ಸ್ ಆಗಿದ್ದರೆ, ಘಟನೆಗಳನ್ನು ವರದಿ ಮಾಡಲು ಕರ್ನಲ್‌ನಲ್ಲಿ ಮೊದಲೇ ಇಟ್ಟಿರುವ ಎಕ್ಸ್‌ಡಿಪಿ ಟ್ರೇಸ್‌ಪಾಯಿಂಟ್‌ಗಳನ್ನು ಬಿಪಿಎಫ್‌ಟ್ರೇಸ್‌ನಿಂದ ನೋಡಿ, ಅಥವಾ ಎಕ್ಸ್‌ಡಿಪಿ-ಟೂಲ್ಸ್‌ನ ಮಾನಿಟರ್ ಓಡಿಸಿ. ಅಬಾರ್ಟೆಡ್ ತೀರ್ಪು ಬಂದಾಗಲೆಲ್ಲ ಎಕ್ಸ್‌ಡಿಪಿ_ಎಕ್ಸೆಪ್ಷನ್ ಹೊಡೆಯುತ್ತದೆ. ಹಾಗಾಗಿ ಬರಬಾರದ ದಾರಿಗಳಲ್ಲಿ ಡ್ರಾಪ್ ಬದಲು ಅಬಾರ್ಟೆಡ್ ರಿಟರ್ನ್ ಮಾಡುವುದು ಜಾಣತನ: ಪ್ಯಾಕೆಟ್ ಅಲ್ಲೂ ಸಾಯುತ್ತದೆ, ಆದರೆ ಸುದ್ದಿ ಕೊಟ್ಟು ಸಾಯುತ್ತದೆ.

ರಿಡೈರೆಕ್ಟ್‌ನಲ್ಲಿ ಎರಡು ಹಂತಗಳಿವೆ ಎಂಬುದು ತಿಳಿಯದೆ ಹಲವರು ಸುಸ್ತಾಗುತ್ತಾರೆ. ಮೊದಲ ಹಂತದಲ್ಲಿ ಗುರಿ ಸರಿಯಿದೆಯೇ ಎಂಬ ಪರೀಕ್ಷೆ. ಅಲ್ಲಿನ ಸೋಲು ಎಕ್ಸ್‌ಡಿಪಿ_ರಿಡೈರೆಕ್ಟ್_ಎರರ್‌ನಲ್ಲಿ ಕಾಣುತ್ತದೆ. -95 ಎಂದರೆ ಗುರಿ ಡ್ರೈವರ್‌ಗೆ ಎಕ್ಸ್‌ಡಿಪಿ ಫ್ರೇಮ್ ಕಳಿಸುವ ಶಕ್ತಿಯೇ ಇಲ್ಲ, -100 ಎಂದರೆ ಇಂಟರ್‌ಫೇಸ್ ಡೌನ್, -90 ಎಂದರೆ ಪ್ಯಾಕೆಟ್ ಅದರ ಎಂಟಿಯುಗಿಂತ ದೊಡ್ಡದು. ನಿಜವಾದ ರವಾನೆ ಒಂದು ಗುಂಪಾಗಿ ಆಮೇಲೆ ನಡೆಯುತ್ತದೆ, ಅಲ್ಲಿನ ಸೋಲು ಎಕ್ಸ್‌ಡಿಪಿ_ಡೆವ್‌ಮ್ಯಾಪ್_ಎಕ್ಸ್‌ಮಿಟ್‌ನಲ್ಲಿ ಮಾತ್ರ. ಮೊದಲನೆಯದನ್ನು ಮಾತ್ರ ನೋಡಿದವರಿಗೆ ಎಲ್ಲ ಸುಸೂತ್ರ ಎನಿಸುತ್ತದೆ. ಕೇಬಲ್‌ನ ಎರಡು ತುದಿಗಳಂತೆ ಕೂಡಿಕೊಂಡ ವರ್ಚುವಲ್ ಇಂಟರ್‌ಫೇಸ್‌ಗಳ ವೆತ್ ಜೋಡಿಯಲ್ಲಿ -6 ಬಂದರೆ, ಎದುರು ತುದಿ ಎಕ್ಸ್‌ಡಿಪಿ ಫ್ರೇಮ್ ಸ್ವೀಕರಿಸಲು ಸಿದ್ಧವಾಗಿಲ್ಲ. ಆ ತುದಿಗೆ ಬರೀ ಪಾಸ್ ರಿಟರ್ನ್ ಮಾಡುವ ಒಂದು ಪುಟ್ಟ ಎಕ್ಸ್‌ಡಿಪಿ ಪ್ರೋಗ್ರಾಂ ಹಾಕಿದರೆ ಸರಿಹೋಗುತ್ತದೆ.

ಪಾಸ್ ಆದ ಪ್ಯಾಕೆಟ್ ಅಪ್ಲಿಕೇಶನ್‌ಗೆ ತಲುಪದಿದ್ದರೆ ಸಿಲಿಯಂ ತಂಡದ ಪಿಡಬ್ಲ್ಯುಆರ್‌ಯು ಹಿಡಿಯಿರಿ. ಪ್ಯಾಕೆಟ್ಟನ್ನು ಕರ್ನಲ್ ಹೊತ್ತೊಯ್ಯುವ ಎಸ್‌ಕೆಬಿ ಎಂಬ ರಚನೆ ಹಾದುಹೋಗುವ ಕರ್ನಲ್ ಫಂಕ್ಷನ್‌ಗಳನ್ನು ಅದು ಸಾಲಾಗಿ ಹೇಳುತ್ತದೆ, ಫಿಲ್ಟರ್ ಬರೆಯುವುದು ಟಿಸಿಪಿಡಂಪ್ ಮಾದರಿಯಲ್ಲೇ. ಕರ್ನಲ್ 5.3 ಕನಿಷ್ಠ. 5.18ರಿಂದ ಸಾವಿರಾರು ಫಂಕ್ಷನ್‌ಗಳಿಗೆ ಒಟ್ಟಿಗೆ ಕೊಂಡಿ ಹಾಕುವ ಸೌಲಭ್ಯ ಇರುವುದರಿಂದ ಬೇಗ ಏಳುತ್ತದೆ. ಫಿಲ್ಟರ್ ಇಲ್ಲದೆ ಬಿಝಿ ಯಂತ್ರದಲ್ಲಿ ಮಾತ್ರ ಓಡಿಸಬೇಡಿ. 5.17ರಿಂದ ಈಚೆಗೆ ಕೆಫ್ರೀ_ಎಸ್‌ಕೆಬಿ ಟ್ರೇಸ್‌ಪಾಯಿಂಟ್ ಡ್ರಾಪ್‌ನ ಕಾರಣವನ್ನೂ ಹೇಳುತ್ತದೆ. ಟಿಸಿಪಿ ಚೆಕ್‌ಸಮ್ ಎಂದಿದ್ದರೆ ವಿಳಾಸ ಬದಲಿಸಿದ ನೀವು ಚೆಕ್‌ಸಮ್ ತಿದ್ದಿಲ್ಲ. ಐಪಿ ಹೆಡರ್‌ನದ್ದನ್ನು ತಿದ್ದಿ, ಟಿಸಿಪಿ ಚೆಕ್‌ಸಮ್ ಒಳಗೂ ಐಪಿ ವಿಳಾಸ ಸೇರಿದೆ ಎಂಬುದನ್ನು ಮರೆಯುವುದು ಸಾಮಾನ್ಯ. ಅದರ್‌ಹೋಸ್ಟ್ ಎಂದಿದ್ದರೆ ಗುರಿಯ ಮ್ಯಾಕ್ ವಿಳಾಸ ಬದಲಿಸಿಲ್ಲ.

ಟಿಸಿ ಪ್ರೋಗ್ರಾಂ ಬರೆಯುವವರಿಗೆ ಬದುಕು ಸ್ವಲ್ಪ ಹಗುರ. ಒಳಬರುವ ಕಡೆ ಟಿಸಿಪಿಡಂಪ್ ಟಿಸಿಗಿಂತ ಮೊದಲೇ ಪ್ಯಾಕೆಟ್ ನೋಡುತ್ತದೆ, ಹೊರಹೋಗುವ ಕಡೆ ಟಿಸಿ ಆದ ಮೇಲೆ. ಹಾಗಾಗಿ ಒಳಗೆ ಕಂಡದ್ದೆಲ್ಲ ಟಿಸಿ ದಾಟಿತು ಎಂದಲ್ಲ, ಹೊರಗೆ ಕಾಣದ್ದನ್ನು ಟಿಸಿ ಕೊಂದಿರಬಹುದು.

ಇನ್ನು ಜಿಡಿಬಿ ಡಿಬಗ್ಗರ್ ಬಗ್ಗೆ ಕೇಳುವವರಿಗೆ: ಕ್ಯೂಇಎಂಯು ವರ್ಚುವಲ್ ಯಂತ್ರದ ಒಳಗೆ ಕರ್ನಲ್ ಓಡಿಸಿ ಬ್ರೇಕ್‌ಪಾಯಿಂಟ್ ಹಾಕಬಹುದು, ಆದರೆ ನಿಂತಾಗ ಇಡೀ ಕರ್ನಲ್ಲೇ ನಿಲ್ಲುತ್ತದೆ, ನಿಮ್ಮ ಪ್ರೋಗ್ರಾಂ ಅಲ್ಲಿ ಹೆಸರಿಲ್ಲದ ಯಂತ್ರಭಾಷೆಯಾಗಿ ಬಿದ್ದಿರುತ್ತದೆ. ಕರ್ನಲ್‌ನದ್ದೇ ಬಗ್ ಎಂಬ ಬಲವಾದ ಅನುಮಾನ ಇಲ್ಲದಿದ್ದರೆ ಬೇಡ.

ಯಾರಿಗೆ ಯಾವುದು

ಕಲಿಯುತ್ತಿರುವವರು, ಕೈಯಲ್ಲಿ ಒಂದು ಲ್ಯಾಪ್‌ಟಾಪ್ ಮಾತ್ರ ಇರುವವರು: ನೆಟ್‌ವರ್ಕ್ ನೇಮ್‌ಸ್ಪೇಸ್ ಒಂದು, ವೆತ್ ಜೋಡಿ ಒಂದು, ಪ್ರಿಂಟ್‌ಕೆ ಮತ್ತು ಟೆಸ್ಟ್ ರನ್. ಖರ್ಚು ಸೊನ್ನೆ. 4.19ರಿಂದ ವೆತ್‌ಗೆ ನೇಟಿವ್, ಅಂದರೆ ಡ್ರೈವರ್‌ನಲ್ಲೇ ಓಡುವ ಎಕ್ಸ್‌ಡಿಪಿ ಇದೆ. ಒಂದು ಎಚ್ಚರ: ವೆತ್ ಮೇಲೆ ಸ್ಥಳೀಯ ಪ್ಯಾಕೆಟ್‌ಗಳ ಚೆಕ್‌ಸಮ್ ಪೂರ್ತಿ ಲೆಕ್ಕ ಹಾಕಿರುವುದಿಲ್ಲ, ಕಾರ್ಡು ಮಾಡುತ್ತದೆಂದು ಬಿಟ್ಟಿರುತ್ತದೆ. ಚೆಕ್‌ಸಮ್ ತಿದ್ದುವ ಪ್ರೋಗ್ರಾಂ ಪರೀಕ್ಷಿಸುವ ಮುನ್ನ ಈಥ್‌ಟೂಲ್‌ನಿಂದ ಎರಡೂ ತುದಿಯ ಟಿಎಕ್ಸ್ ಆಫ್‌ಲೋಡ್ ಆರಿಸಿ, ಇಲ್ಲದಿದ್ದರೆ ಸರಿಯಾದ ಕೋಡನ್ನು ತಪ್ಪೆಂದು ತಿದ್ದುತ್ತಾ ಕೂರುತ್ತೀರಿ.

ತಂಡವಾಗಿ ಉತ್ಪನ್ನ ಕಟ್ಟುತ್ತಿರುವವರು ಮೊದಲ ವಾರದಲ್ಲೇ ಕಾರಣವಾರು ಕೌಂಟರ್‌ಗಳನ್ನೂ ಟೆಸ್ಟ್ ರನ್ ಪರೀಕ್ಷೆಗಳನ್ನೂ ಬರೆಯಬೇಕು. ಎರಡರಲ್ಲಿ ಒಂದಕ್ಕೇ ಸಮಯ ಇದೆ ಎಂದರೆ ನಾನು ಕೌಂಟರ್ ಆರಿಸುತ್ತೇನೆ: ಪರೀಕ್ಷೆಯನ್ನು ಆಮೇಲೂ ಸೇರಿಸಬಹುದು, ಗಿರಾಕಿಯ ಯಂತ್ರದಲ್ಲಿ ಓಡುತ್ತಿರುವ ಪ್ರೋಗ್ರಾಮಿಗೆ ಕೌಂಟರ್ ಆಮೇಲೆ ಸೇರಿಸಲಾಗದು. ಹಲವು ಕರ್ನಲ್‌ಗಳಲ್ಲಿ ಪರೀಕ್ಷಿಸಬೇಕಾದರೆ ಬೇಕಾದ ಕರ್ನಲ್ಲನ್ನು ವರ್ಚುವಲ್ ಯಂತ್ರದಲ್ಲಿ ಎಬ್ಬಿಸುವ ವರ್ಟ್‌ಮಿ-ಎನ್‌ಜಿ ಸಾಕು, ಪ್ರತಿ ಆವೃತ್ತಿಗೂ ಒಂದೊಂದು ಯಂತ್ರ ಬೇಡ.

ಲೈವ್ ಯಂತ್ರದಲ್ಲಿ ಈಗಲೇ ತೊಂದರೆ ಎಂದರೆ ಟ್ರೇಸ್‌ಪಾಯಿಂಟ್ ಮೊದಲು, ಎಕ್ಸ್‌ಡಿಪಿಡಂಪ್ ಆಮೇಲೆ, ಪಿಡಬ್ಲ್ಯುಆರ್‌ಯು ಕೊನೆಗೆ. ಹೊರೆ ಏರುವ ಕ್ರಮವೂ ಇದೇ. ಪ್ರಿಂಟ್‌ಕೆ ಬೇಡವೇ ಬೇಡ. ಪ್ರೋಗ್ರಾಂ ನಿಧಾನವಾಗಿದೆಯೇ ಎಂದು ತಿಳಿಯಲು ಕರ್ನಲ್‌ನ ಬಿಪಿಎಫ್_ಸ್ಟ್ಯಾಟ್ಸ್_ಎನೇಬಲ್ಡ್ ಸೆಟ್ಟಿಂಗನ್ನು 1 ಮಾಡಿ ಒಂದೆರಡು ನಿಮಿಷ ಬಿಡಿ. ಬಿಪಿಎಫ್‌ಟೂಲ್ ಪ್ರಾಗ್ ಶೋನಲ್ಲಿ ಒಟ್ಟು ಓಡಿದ ನ್ಯಾನೊಸೆಕೆಂಡ್, ಓಡಿದ ಸಲ ಎರಡೂ ಬರುತ್ತವೆ, ಭಾಗಿಸಿ ನೋಡಿ. ನೋಡಿಯಾದ ಮೇಲೆ 0 ಮಾಡಿ, ಅದಕ್ಕೂ ಪ್ಯಾಕೆಟ್‌ವಾರು ಖರ್ಚಿದೆ.

ವೇಗ ಅಳೆಯಲೇಬೇಕು ಎನ್ನುವವರು ಮಾತ್ರ ಹಾರ್ಡ್‌ವೇರ್‌ಗೆ ದುಡ್ಡು ಹಾಕಿ. ಐಎಕ್ಸ್‌ಜಿಬಿಇ, ಐ40ಇ ಡ್ರೈವರ್‌ನ ಹಳೆಯ ಇಂಟೆಲ್ ಕಾರ್ಡುಗಳಲ್ಲೂ ಎಂಎಲ್‌ಎಕ್ಸ್5ರ ಮೆಲಾನಾಕ್ಸ್ ಕಾರ್ಡುಗಳಲ್ಲೂ ನೇಟಿವ್ ಎಕ್ಸ್‌ಡಿಪಿ ಇದೆ. ಬಳಸಿದ ಕಾರ್ಡು ಎರಡು ಕೊಂಡು ಒಂದು ಕೇಬಲ್‌ನಿಂದ ನೇರ ಜೋಡಿಸಿದರೂ ನಡೆಯುತ್ತದೆ, ಸ್ವಿಚ್ ಬೇಕಿಲ್ಲ. ಟ್ರಾಫಿಕ್ ಹುಟ್ಟಿಸಲು ಕರ್ನಲ್‌ನ ಪಿಕೆಟಿಜೆನ್ ಸಾಕು. ನಿಜವಾದ ಕಾರ್ಡಿಗೆ ಬಂದ ಮೇಲೆ ವೆತ್‌ನಲ್ಲಿ ಕಾಣದ ಎರಡು ತೊಂದರೆ ಎದುರಾಗುತ್ತವೆ. ಕಾರ್ಡು ವಿಎಲ್‌ಎಎನ್ ಟ್ಯಾಗನ್ನು ತಾನೇ ಕಿತ್ತು ಕೊಟ್ಟರೆ ನಿಮ್ಮ ಪ್ರೋಗ್ರಾಂಗೆ ಟ್ಯಾಗ್ ಕಾಣುವುದೇ ಇಲ್ಲ, ಈಥ್‌ಟೂಲ್‌ನಲ್ಲಿ ಆರ್‌ಎಕ್ಸ್‌ವಿಎಲ್‌ಎಎನ್ ಆರಿಸಬೇಕು. ಜಂಬೋ ಎಂಟಿಯು ಇದ್ದರೆ ನೇಟಿವ್ ಮೋಡ್‌ಗೆ ಹಾಕಲು ಡ್ರೈವರ್ ಒಪ್ಪದಿರಬಹುದು. 5.18ರ ಬಹು-ಬಫರ್ ಬೆಂಬಲ ಆ ಡ್ರೈವರ್‌ನಲ್ಲಿ ಇದ್ದು, ಪ್ರೋಗ್ರಾಮಿನ ಸೆಕ್ಷನ್ ಹೆಸರು ಎಕ್ಸ್‌ಡಿಪಿ ಡಾಟ್ ಫ್ರ್ಯಾಗ್ಸ್ ಎಂದಿದ್ದರೆ ಮಾತ್ರ ದಾರಿ.

ಯಾವ ಆಯ್ಕೆಯಾದರೂ ದೂರದ ಯಂತ್ರದಲ್ಲಿ ಕೈಹಾಕುವ ಮುನ್ನ ಎರಡು ಕೆಲಸ. ಐಪಿ ಲಿಂಕ್ ಶೋ ನೋಡಿ, ಅಲ್ಲಿ ಎಕ್ಸ್‌ಡಿಪಿ ಎಂದಿದೆಯೋ ಎಕ್ಸ್‌ಡಿಪಿಜೆನೆರಿಕ್ ಎಂದಿದೆಯೋ ಗಮನಿಸಿ. ಜೆನೆರಿಕ್‌ನಲ್ಲಿ ಅಳೆದ ವೇಗಕ್ಕೆ ಅರ್ಥವಿಲ್ಲ, ತೆಗೆಯುವಾಗಲೂ ಹಾಕಿದ ಮೋಡ್‌ನ ಹೆಸರಲ್ಲೇ ತೆಗೆಯಬೇಕು. ಎರಡನೆಯದಾಗಿ, ಹೊಸ ಪ್ರೋಗ್ರಾಂ ಹಾಕುವ ಮೊದಲು 60 ಸೆಕೆಂಡ್ ಮಲಗಿ ಎದ್ದು ಎಕ್ಸ್‌ಡಿಪಿ ಆಫ್ ಮಾಡುವ ಒಂದು ಕಮಾಂಡನ್ನು ನೋಹಪ್ ಹಾಕಿ ಹಿನ್ನೆಲೆಯಲ್ಲಿ ಓಡಲು ಬಿಡಿ. ಪ್ರೋಗ್ರಾಂ ನಿಮ್ಮ ಎಸ್‌ಎಸ್‌ಎಚ್ ಅನ್ನೇ ನುಂಗಿದರೂ ಒಂದು ನಿಮಿಷದಲ್ಲಿ ಯಂತ್ರ ವಾಪಸ್ ಸಿಗುತ್ತದೆ. ಎಲ್ಲ ಸರಿಯಿದ್ದರೆ ಆ ಕಮಾಂಡನ್ನು ಕೊಂದು ಮುಂದುವರಿಯಿರಿ.